ಗಾಡಿ ನಿಂತ ಮೇಲೆ ಇಳಿದ ತಾರಾನಾಥ

ತಾರಾನಾಥ ಅಗ್ನಿಶಾಮಕ ದಳಕ್ಕೆ ಸೇರಿ ಇಪ್ಪತ್ತು ವರ್ಷ ಕಳೆದಿತ್ತು. ಇಷ್ಟು ವರ್ಷಗಳಲ್ಲಿ ಬೆಂಕಿ ಅವನ ಒಂದು ಕೂದಲನ್ನೂ ಸುಟ್ಟಿರಲಿಲ್ಲ. ಅವನನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಕಳಿಸಿದ್ದು ನೆಲ.

ಕೊನೆಯ ಸಲ ಮಣಿಪಾಲಕ್ಕೆ ಹೋದಾಗ ಮೂಳೆ ವಿಭಾಗದಲ್ಲಿ ಒಬ್ಬರು ಹೊಸ ವೈದ್ಯೆ ಇದ್ದರು. ಬಾತುಕೊಂಡ ಮಂಡಿಯನ್ನು ಒತ್ತಿ ನೋಡುತ್ತ, "ಎಂತ ಕೆಲಸ ನಿಮ್ಮದು?" ಎಂದು ಕೇಳಿದರು.

"ಫೈರ್ ಸರ್ವಿಸ್, ಮೇಡಂ."

ವೈದ್ಯೆಯ ಬೆರಳು ಒಮ್ಮೆಲೇ ಮೆತ್ತಗಾಯಿತು. "ಓಹೋ. ಎಲ್ಲಿ ಬೆಂಕಿ ಬಿದ್ದದ್ದು?"

"ಬೆಂಕಿ ಅಲ್ಲ ಮೇಡಂ. ಮಟ್ಟುವಿನಲ್ಲಿ ಒಂದು ದನ ಬಾವಿಗೆ ಬಿದ್ದಿತ್ತು."

"ಹಾಗಾದರೆ ಬಾವಿಗೆ ಇಳಿಯುವಾಗ ಜಾರಿದಿರಾ?"

"ಬಾವಿಯ ತನಕ ಹೋಗಲಿಲ್ಲ. ಗಾಡಿಯಿಂದ ಇಳಿಯುವಾಗ."

ವೈದ್ಯೆ ಮಂಡಿಯಿಂದ ಕೈ ತೆಗೆದು, "ದನ ಹೇಗಿದೆ?" ಎಂದು ವಿಚಾರಿಸಿದರು.

"ಅದಕ್ಕೆ ಎಂತದೂ ಆಗಲಿಲ್ಲ ಮೇಡಂ."

ನಡೆದದ್ದು ಇಷ್ಟೇ. ಮಟ್ಟುವಿನ ಗದ್ದೆಯ ಬದಿಯಲ್ಲಿ ಯಾರೋ ಆಗತಾನೇ ಕೊಯ್ದ ಗುಳ್ಳ ಬದನೆಯನ್ನು ರಾಶಿ ಹಾಕಿದ್ದರು. ಗಾಡಿ ಇನ್ನೂ ಓಡುತ್ತಿರುವಾಗಲೇ ತಾರಾನಾಥ ಬಾಗಿಲು ತೆರೆದು ಹಾರಿದ. ಬಿದ್ದದ್ದು ಸರಿಯಾಗಿ ಗುಳ್ಳದ ಮೇಲೆ. ಗುಳ್ಳ ಹೇಳಿಕೇಳಿ ಗುಂಡಗಿನ ಬದನೆ. ಅದು ಉರುಳಿತು, ಇವನೂ ಉರುಳಿದ. ಉಳಿದ ಸಿಬ್ಬಂದಿ ಹಗ್ಗ ಕಟ್ಟಿ ದನವನ್ನು ಮೇಲಕ್ಕೆ ಎತ್ತುವ ಹೊತ್ತಿಗೆ ಊರಿನವರು ತಾರಾನಾಥನನ್ನು ಎತ್ತಿ ಆಂಬುಲೆನ್ಸಿಗೆ ಹಾಕುತ್ತಿದ್ದರು. ದನ ತನ್ನ ಕಾಲಿನ ಮೇಲೆ ನಿಂತು ಇದನ್ನೆಲ್ಲ ನೋಡಿತು. ಗದ್ದೆಯ ಯಜಮಾನ ಮಾತ್ರ ಜಜ್ಜಿದ ಗುಳ್ಳವನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ದನ ಬಾವಿಗೆ ಬಿದ್ದಾಗ ಪಡದಷ್ಟು ದುಃಖಪಟ್ಟ.

ಇದಕ್ಕೂ ಮೊದಲು ಬನ್ನಂಜೆಯಲ್ಲಿ ಹೊಗೆ ಬರುತ್ತಿದ್ದ ಟ್ರಾನ್ಸ್‌ಫಾರ್ಮರ್ ನೋಡಲು ಹೋಗಿ ರಸ್ತೆಯ ಡಿವೈಡರಿನ ಮೇಲೆ ಹಾರಿ ಪಾದದ ಗಂಟು ಉಳುಕಿಸಿಕೊಂಡಿದ್ದ. ಪಡುಬಿದ್ರಿಯಲ್ಲಿ ಅವನು ಕೆಳಗೆ ಹಾರಿದರೂ ಮದುವೆಯ ಉಂಗುರ ಬಾಗಿಲಿನ ಕೊಕ್ಕೆಗೆ ಸಿಕ್ಕಿ ಮೇಲೆಯೇ ಉಳಿದು, ಬೆರಳು ಅವನ ಜೊತೆ ಬರುವುದೋ ಉಂಗುರದ ಜೊತೆ ಉಳಿಯುವುದೋ ತೀರ್ಮಾನ ಮಾಡಲಾಗದೆ ನೇತಾಡಿತ್ತು. ಆ ಉಂಗುರವನ್ನು ಹೆಂಡತಿ ಚಂಪಾ ಅಂದಿನಿಂದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಳೆ.

ಇವನು ಇಳಿಯುವುದನ್ನು ಕಲಿತದ್ದು ದಳದಲ್ಲಿ ಅಲ್ಲ. ಅದಕ್ಕೂ ಮೊದಲು ಅವನು ಕಾರ್ಕಳದಿಂದ ಉಡುಪಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಆ ದಾರಿಯಲ್ಲಿ ಒಂದು ಬಸ್ಸಿನ ಹಿಂದೆ ಇನ್ನೊಂದು ಬಸ್ಸು ಹುಲಿಯ ಹಾಗೆ ಬರುತ್ತಿರುತ್ತದೆ. ಸ್ಟಾಪು ಬರುವ ಮೊದಲೇ ಕಂಡಕ್ಟರ್ ಕೆಳಗೆ ಹಾರಬೇಕು, ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಬೇಕು, ಮುದುಕಿಯ ಬುಟ್ಟಿಯನ್ನೂ ಮುದುಕಿಯನ್ನೂ ಒಳಗೆ ಏರಿಸಬೇಕು, ಎರಡು ಸೀಟಿ ಊದಿ "ರೈಟ್, ಪೋಯಿ" ಎನ್ನಬೇಕು, ಹೊರಟ ಬಸ್ಸಿನ ಸರಳು ಹಿಡಿದು ಮೇಲಕ್ಕೆ ಹಾರಬೇಕು. ಬಸ್ಸು ಪೂರ್ತಿ ನಿಂತ ಮೇಲೆ ಇಳಿಯುವ ಕಂಡಕ್ಟರನಿಗೆ ಹೆಣ್ಣು ಕೊಡುವವರಿರಲಿಲ್ಲ ಎಂದರೆ ಅತಿಶಯೋಕ್ತಿಯಾದೀತು. ಆದರೆ ಚಂಪಾ ಅವನನ್ನು ಮೊದಲ ಸಲ ನೋಡಿದ್ದು ಗಾಳಿಯಲ್ಲಿ ಎಂಬುದು ಸುಳ್ಳಲ್ಲ. ಕಾಲೇಜಿಗೆ ಹೋಗಲು ನಿಂತಿದ್ದ ಅವಳ ಎದುರು ಅವನು ಹಾರಿ, ಹೆಗಲಿನ ಟಿಕೆಟ್ ಚೀಲ ಸ್ವಲ್ಪವೂ ಅಲುಗದಂತೆ ನೆಲಕ್ಕೆ ಮುಟ್ಟಿದ್ದ. ಅವಳಿಗೆ ಅದು ಬಹಳ ಇಷ್ಟವಾಗಿತ್ತು. ಆಗ ಅವನ ಮಂಡಿಗೆ ಇಪ್ಪತ್ತೈದು ವರ್ಷ.

ಅದೇ ಬಸ್ಸಿನ ಡ್ರೈವರ್ ಗುಣಪಾಲ. ತಾರಾನಾಥ ದಳಕ್ಕೆ ಸೇರಿದ ಸ್ವಲ್ಪ ಸಮಯದಲ್ಲಿ ಅವನೂ ಚಾಲಕನಾಗಿ ಸೇರಿದ. ಇಬ್ಬರೂ ಒಂದೇ ಠಾಣೆಗೆ, ಕಾಪುವಿಗೂ ಕಾರ್ಕಳಕ್ಕೂ ನಡುವಿನ ಪಾಂಜಗುಡ್ಡೆಗೆ ಬಂದರು. ಬಸ್ಸಿನ ಭಾಷೆಯನ್ನೂ ಜೊತೆಗೇ ತಂದರು. ಗಾಡಿಯ ಬಾಡಿಯನ್ನು ಧಡಧಡ ಬಡಿದರೆ ಗುಣಪಾಲ ಗಾಡಿ ಬಿಡುತ್ತಿದ್ದ. ಎರಡು ಸೀಟಿ ಕೇಳಿದರೆ ಅವನ ಬಲಗಾಲು ತಲೆಯ ಅಪ್ಪಣೆಗೆ ಕಾಯದೆ ಆಕ್ಸಿಲರೇಟರ್ ಒತ್ತುತ್ತಿತ್ತು. ಠಾಣೆಯಲ್ಲಿ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಅರ್ಧಕ್ಕರ್ಧ ಜನ ಬಸ್ಸಿನಿಂದಲೇ ಬಂದವರು. ಉಳಿದರ್ಧ ಬಸ್ಸಿನಲ್ಲೇ ಬೆಳೆದವರು.

ವಿಚಿತ್ರವೆನಿಸಿದ್ದು ಹೊಸ ಠಾಣಾಧಿಕಾರಿ ಅನಂತೇಶರಿಗೆ. ಉಡುಪಿಯ ರಥಬೀದಿಯ ಬಳಿಯ ಪುರೋಹಿತರ ಮನೆಯಿಂದ ಬಂದ ಯುವಕ. ಎಲ್ಲವನ್ನೂ ಸಾವಕಾಶವಾಗಿ, ಕ್ರಮಪ್ರಕಾರ ಮಾಡುವವರು. ತಾರಾನಾಥ ರಜೆ ಮುಗಿಸಿ ಕುಂಟುತ್ತ ಬಂದ ದಿನ ಅವರು ಅವನನ್ನು ಅಂಗಳಕ್ಕೆ ಕರೆದರು.

"ತಾರಾನಾಥರೇ, ನಾನು ಡಾಕ್ಟರ ಹತ್ತಿರ ಮಾತಾಡಿದೆ. ನಿಮ್ಮ ಮಂಡಿ ಇನ್ನೊಂದು ಪೆಟ್ಟು ತಾಳುವುದಿಲ್ಲವಂತೆ. ಇನ್ನೊಮ್ಮೆ ಗಾಡಿಯಿಂದ ಬಿದ್ದರೆ ನಿಮ್ಮನ್ನು ವಾಚ್ ರೂಮಿಗೆ ಹಾಕದೆ ನನಗೆ ಬೇರೆ ದಾರಿ ಇಲ್ಲ."

ವಾಚ್ ರೂಮ್ ಎಂದರೆ ಒಂದು ಮೇಜು, ಒಂದು ಫೋನು, ಒಂದು ಫ್ಯಾನು, ಫ್ಯಾನಿನ ಗಾಳಿ ತಾಗದಷ್ಟು ದೂರದಲ್ಲಿ ಒಂದು ಕುರ್ಚಿ. ಬಚ್ಚಲಿಗೆ ಹಾವು ಬಂದವರು, ಬೆಕ್ಕು ತೆಂಗಿನಮರ ಹತ್ತಿದವರು, ಗ್ಯಾಸ್ ಸಿಲಿಂಡರ್ ಯಾವಾಗ ಬರುತ್ತದೆ ಎಂದು ತಪ್ಪಿ ಕೇಳುವವರು, ಎಲ್ಲರಿಗೂ ಅಲ್ಲಿಂದಲೇ ಉತ್ತರ. ಗಂಟೆ ಬಾರಿಸುವುದು ಅಲ್ಲಿ ಕುಳಿತವನು, ಗಾಡಿ ಹತ್ತಿ ಹೋಗುವುದು ಬೇರೆಯವರು. ನಿವೃತ್ತಿಯವರೆಗೆ ಹಾಗೆ ಕುಳಿತಿರುವುದಕ್ಕಿಂತ ಬೆಂಕಿಯಲ್ಲಿ ಬೇಯುವುದು ಮೇಲು ಎಂದು ತಾರಾನಾಥನಿಗೆ ಅನಿಸಿತು.

"ಇಲ್ಲ ಸಾರ್, ಇನ್ನು ಜಾಗ್ರತೆ ಮಾಡ್ತೇನೆ."

"ಜಾಗ್ರತೆ ಸಾಕಾಗುವುದಿಲ್ಲ. ಕಲಿಯಬೇಕು. ಗಾಡಿ ಪೂರ್ತಿ ನಿಲ್ಲಬೇಕು. ಮುಖ ಗಾಡಿಯ ಕಡೆಗೆ. ಎರಡು ಕೈ, ಒಂದು ಕಾಲು ಯಾವಾಗಲೂ ಗಾಡಿಯ ಮೇಲೆ. ಕೆಳಗೆ ನೋಡಿ, ನೆಲ ಹೇಗಿದೆ ಅಂತ ಕಾಲಿನಿಂದ ತಿಳಿದುಕೊಂಡು, ಆಮೇಲೆ ಭಾರ ಹಾಕಬೇಕು. ಅಟ್ಟದ ಏಣಿಯಿಂದ ಹೇಗೆ ಇಳಿಯುತ್ತೀರಿ, ಹಾಗೆ."

ಅಂದಿನಿಂದ ಪಾಂಜಗುಡ್ಡೆಯ ಠಾಣೆಯಲ್ಲಿ ಗಾಡಿ ಅಂಗಳದಿಂದ ಹೊರಗೆ ಹೋಗದೆಯೇ ಜನ ಹತ್ತುವುದೂ ಇಳಿಯುವುದೂ ಶುರುವಾಯಿತು. ಬೆಳಿಗ್ಗೆ ಗಂಬೂಟು ಹಾಕಿ ಹತ್ತುವುದು, ಬೆಲ್ಟ್ ಕಟ್ಟಿ ಕೂರುವುದು, ಗಾಡಿ ಎಲ್ಲಿಗೂ ಹೋಗದಿರುವುದು, ಬೆಲ್ಟ್ ಬಿಚ್ಚಿ ಹಿಮ್ಮುಖವಾಗಿ ಇಳಿಯುವುದು. ಕಂಪೌಂಡಿನ ಆಚೆಯ ಮನೆಯ ಕ್ಲಾರಾ ಬಾಯಿ ಬಟ್ಟೆ ಒಣಹಾಕುವ ನೆಪದಲ್ಲಿ ಇದನ್ನು ನೋಡಿ ನೋಡಿ ಒಂದು ದಿನ ತಡೆಯಲಾರದೆ ಕೂಗಿ ಕೇಳಿದರು:

"ಎಂತ ತಾರಣ್ಣ, ಗಾಡಿ ಹಾಳಾಗಿದೆಯಾ?"

"ಇಲ್ಲ ಬಾಯಿ, ಪ್ರಾಕ್ಟೀಸ್."

"ಎಂತದ್ದು?"

"ಇಳಿಯುವುದು."

ಕ್ಲಾರಾ ಬಾಯಿ ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಯೋಚಿಸಿದರು. "ಹಾಗಾದರೆ ಇಷ್ಟು ವರ್ಷ ಹತ್ತಿದವರೆಲ್ಲ ಮನೆಗೆ ಹೇಗೆ ಹೋಗುತ್ತಿದ್ದಿರಿ ಮಾರಾಯ್ರೆ?"

ತಾರಾನಾಥನಿಗೆ ಕಷ್ಟವಾದದ್ದು ಇಳಿಯುವುದಲ್ಲ, ಬೆನ್ನು ಹಾಕುವುದು. ಬೆಂಕಿ ಹತ್ತಿದ ಕಡೆ ನೂರು ಜನ ಸೇರಿರುತ್ತಾರೆ. ಅವರ ಎದುರು ಸೈರನ್ ಹಾಕಿಕೊಂಡು ಬಂದು, ಬೆಂಕಿಗೆ ಬೆನ್ನು ತಿರುಗಿಸಿ, ಮಂಚದಿಂದ ಇಳಿಯುವ ಮಗುವಿನ ಹಾಗೆ ಕಾಲಿನಲ್ಲಿ ನೆಲ ಹುಡುಕುವುದೇ? ಅವನು ಅನಂತೇಶರಿಗೆ ಹೇಳಿಯೇಬಿಟ್ಟ.

ಅನಂತೇಶರು ತಮಗೆ ತಿಳಿದ ರೀತಿಯಲ್ಲಿ ವಿವರಿಸಿದರು. "ದೇವಸ್ಥಾನದಲ್ಲಿ ದರ್ಶನ ಮುಗಿಸಿ ಬರುವಾಗ ದೇವರಿಗೆ ಬೆನ್ನು ಹಾಕುತ್ತೇವಾ? ಹಿಂದೆ ಹಿಂದೆ ಬರುತ್ತೇವೆ ಅಲ್ವಾ? ಗಾಡಿಯನ್ನು ದೇವರು ಅಂತ ತಿಳಿದುಕೊಳ್ಳಿ."

"ಅದು ಸರಿ ಸಾರ್. ಆದರೆ ಅಗ್ನಿಯೂ ದೇವರೇ ಅಲ್ವಾ? ಅವನಿಗೆ ಬೆನ್ನು ಹಾಕಬಹುದಾ?"

ಪುರೋಹಿತರ ಮನೆಯಲ್ಲಿ ಹುಟ್ಟಿದ ಅನಂತೇಶರು ಇದಕ್ಕೆ ಅವಸರದ ಉತ್ತರ ಕೊಡುವಂತಿರಲಿಲ್ಲ. ಎರಡು ದಿನ ಠಾಣೆಯಲ್ಲಿ ಇಳಿಯುವ ಅಭ್ಯಾಸ ನಿಂತಿತು. ಮೂರನೆಯ ದಿನ ಅವರು ಗೆಲುವಿನ ಮುಖ ಹೊತ್ತು ಬಂದರು. "ದೊಡ್ಡಪ್ಪನ ಹತ್ತಿರ ಕೇಳಿದೆ. ನಾವು ಅಗ್ನಿಯನ್ನು ಪೂಜಿಸಲು ಹೋಗುವುದಲ್ಲ, ಆರಿಸಲು ಹೋಗುವುದು. ಆದ್ದರಿಂದ ದೇವರು ಎಂದು ಗುರುತಿಸದ ಹಾಗೆ ನಡೆದುಕೊಳ್ಳುವುದೇ ಮರ್ಯಾದೆಯಂತೆ."

"ಅಂದರೆ ದೇವರನ್ನು ನೋಡಿಯೂ ನೋಡದ ಹಾಗೆ?"

"ಹಾಗೇ."

"ಸಾಲ ಕೊಟ್ಟವನು ಪೇಟೆಯಲ್ಲಿ ಸಿಕ್ಕಿದ ಹಾಗೆ," ಎಂದ ಗುಣಪಾಲ ಸ್ಟೇರಿಂಗಿನ ಹಿಂದಿನಿಂದ. ಅಭ್ಯಾಸ ಮುಂದುವರಿಯಿತು.

ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕರೆ ಬಂತು. ಶಿರ್ವದ ಆಚೆ ಒಂದು ಪದವಿನಲ್ಲಿ, ಎಂದರೆ ಕೆಂಪುಕಲ್ಲಿನ ಬಯಲಿನಲ್ಲಿ, ಒಣಹುಲ್ಲಿಗೆ ಬೆಂಕಿ ಹತ್ತಿದೆ. ಪಕ್ಕದಲ್ಲೇ ಯುವಕ ಮಂಡಲದ ವಾಲಿಬಾಲ್ ಪಂದ್ಯಾಟ ನಡೆಯುತ್ತಿದೆ. ಗಾಡಿ ಹೊರಟಿತು. ಮುಂದೆ ಗುಣಪಾಲನ ಪಕ್ಕದಲ್ಲಿ ಅನಂತೇಶರು, ಹಿಂದಿನ ಸೀಟಿನಲ್ಲಿ ತಾರಾನಾಥ, ಕಿರಿಯ ಸಿಬ್ಬಂದಿ ಡೆನ್ವರ್ ಮತ್ತಿಬ್ಬರು. ಎಲ್ಲರಿಗೂ ಬೆಲ್ಟ್. ದಾರಿಯುದ್ದಕ್ಕೂ ತಾರಾನಾಥ "ಮುಖ ಗಾಡಿಗೆ, ಎರಡು ಕೈ, ಒಂದು ಕಾಲು" ಎಂದು ಗೊಣಗುತ್ತಿದ್ದ.

"ತಾರಣ್ಣ, ಜಪ ಮಾಡ್ತಿದ್ದೀರಾ?" ಎಂದ ಡೆನ್ವರ್.

"ಹೌದು ಮಾರಾಯ. ನನ್ನ ಮಂಡಿಗೆ."

ಪದವಿಗೆ ತಲುಪಿದಾಗ ಬೆಂಕಿ ಸಣ್ಣದಾಗಿಯೇ ಇತ್ತು, ಹೊಗೆ ದೊಡ್ಡದಿತ್ತು. ಹೊಗೆಯ ಈಚೆ ಪಂದ್ಯ ನಿಂತಿರಲಿಲ್ಲ. ಅದು ಫೈನಲ್. ಗಾಡಿ ಪೂರ್ತಿ ನಿಂತಿತು. ಅನಂತೇಶರು ಮೊದಲು, ಪಾಠದಲ್ಲಿ ಹೇಳಿದಂತೆಯೇ, ಮುಖ ಗಾಡಿಗೆ ಮಾಡಿ, ಹಿಡಿಕೆ ಹಿಡಿದು ನಿಧಾನವಾಗಿ ಇಳಿದರು. ಹಿಂದಿನ ಬಾಗಿಲಿನಿಂದ ತಾರಾನಾಥ ಬೆನ್ನು ತಿರುಗಿಸಿ ಒಂದು ಕಾಲನ್ನು ಮೆಟ್ಟಿಲಿನ ಮೇಲಿಟ್ಟು ಇನ್ನೊಂದನ್ನು ಗಾಳಿಗೆ ಬಿಟ್ಟ.

ಆ ಕ್ಷಣಕ್ಕೆ ಸರಿಯಾಗಿ ರೆಫ್ರಿ ಎರಡು ಸೀಟಿ ಊದಿದ.

ಗುಣಪಾಲನ ಬಲಗಾಲು ಯಾರನ್ನೂ ಕೇಳಲಿಲ್ಲ. ಗಾಡಿ ಜಿಗಿದು ಹೊರಟಿತು.

ಪದವಿನಲ್ಲಿ ಸೇರಿದ್ದವರಿಗೆ ಕಂಡದ್ದು ಹೀಗೆ: ಅಗ್ನಿಶಾಮಕ ಗಾಡಿ ಸೈರನ್ ಹಾಕಿಕೊಂಡು ಬಂತು, ಒಬ್ಬ ಅಧಿಕಾರಿಯನ್ನು ಬೆಂಕಿಯ ಎದುರು ಇಳಿಸಿತು, ತಕ್ಷಣ ಸೈರನ್ ಹಾಕಿಕೊಂಡೇ ಹೊರಟುಹೋಯಿತು. ಅದರ ಬದಿಗೆ ಒಬ್ಬ ಮನುಷ್ಯ ಉಡದ ಹಾಗೆ ಅಂಟಿಕೊಂಡಿದ್ದ.

ಉಡ ಗಟ್ಟಿಯಾಗಿಯೇ ಹಿಡಿದಿತ್ತು. ಹಿಂದಿನ ತಾರಾನಾಥನಾಗಿದ್ದರೆ ಒಂದೇ ಕೈಯಲ್ಲಿ ತೂಗಾಡುತ್ತಿದ್ದು, ಈಗ ಎಲ್ಲೋ ಕಲ್ಲಿನ ಮೇಲೆ ಬಿದ್ದಿರುತ್ತಿದ್ದ. ಎರಡು ಕೈ, ಒಂದು ಕಾಲು ಅವನನ್ನು ಉಳಿಸಿತು. ಒಳಗಿನಿಂದ ಡೆನ್ವರ್ ಅವನ ಸೊಂಟದ ಬೆಲ್ಟನ್ನು ಹಿಡಿದುಕೊಂಡ. ಆದರೆ ಗಾಡಿ ನಿಲ್ಲಿಸಬೇಕಲ್ಲ! ತಾರಾನಾಥ ಸಿಟ್ಟಿನಿಂದ ಗಾಡಿಯ ಬಾಡಿಯನ್ನು ಹಣೆಯಿಂದಲೇ ಧಡಧಡ ಹೊಡೆದ. ಅದು ಕೇಳಿದ್ದೇ ಗುಣಪಾಲ ವೇಗ ಹೆಚ್ಚಿಸಿದ. ಇನ್ನೂ ಹೊಡೆದ. ಇನ್ನೂ ಹೆಚ್ಚಿಸಿದ.

"ನಿಲ್ಲಿಸಾ ಗುಣಪಾಲಾ!" ಎಂಬ ಕೂಗು ಸೈರನ್ನಿನಲ್ಲಿ ಮುಳುಗಿಹೋಯಿತು. ಆಗ ಅವನ ಹೊಟ್ಟೆಯ ಆಳದಿಂದ, ಇಪ್ಪತ್ತು ವರ್ಷಗಳಿಂದ ಬಾಯಿಗೆ ಬಾರದಿದ್ದ, ಬಸ್ಸು ನಿಲ್ಲಿಸುವ ಕಂಡಕ್ಟರನ ಕೂಗೊಂದು ಎದ್ದು ಬಂತು:

"ಹೋಲ್ಡೇಯ್!"

ಗಾಡಿ ಅಲ್ಲೇ ನಿಂತಿತು. ಗುಣಪಾಲ ಕಿಟಕಿಯಿಂದ ತಲೆ ಹಾಕಿ, "ಯಾರು ಇಳಿಯುವುದು?" ಎಂದು ಕೇಳಿದ. ಪಕ್ಕದ ಸೀಟು ಖಾಲಿ ಇರುವುದು ಆಗ ಅವನಿಗೆ ಕಂಡಿತು. "ಅಯ್ಯೋ ದೇವರೇ! ಸಾರ್ ಎಲ್ಲಿ?"

"ಬೆಂಕಿಯ ಹತ್ತಿರ ಇದ್ದಾರೆ," ಎಂದ ತಾರಾನಾಥ ಒಳಗೆ ಹತ್ತುತ್ತ. "ತಿರುಗಿಸು."

ಗಾಡಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಫೈನಲ್ ನಿಂತಿತ್ತು. ಅನಂತೇಶರು ಒಂದು ಹಸಿರು ಕೊಂಬೆ ಮುರಿದುಕೊಂಡು ಒಬ್ಬರೇ ಬೆಂಕಿಗೆ ಬಡಿಯುತ್ತಿದ್ದರು. ಎರಡೂ ತಂಡದ ಆಟಗಾರರು ಅವರಿಗೆ ಜೊತೆಯಾಗಿದ್ದರು. ಉಳಿದವರು ಫೋನು ಹಿಡಿದು ಸಾಲಾಗಿ ನಿಂತಿದ್ದರು.

"ಬಂದ್ರು ನೋಡಿ, ಹೆದರಿ ಓಡಿದವರು!"

"ಊಟ ಮಾಡಿ ಬಂದ್ರಾ ಅಣ್ಣಾ?"

"ಇಳಿಯಿರಿ ಮಾರಾಯ್ರೆ, ನಿಮ್ಮ ಸಾರ್ ಹೊಗೆಯಲ್ಲಿ ಹಪ್ಪಳ ಆಗ್ತಿದ್ದಾರೆ!"

ತಾರಾನಾಥನ ಕಾಲು ತುರಿಸತೊಡಗಿತು. ಗಾಡಿ ಇನ್ನೂ ಚಲಿಸುತ್ತಿತ್ತು. ಈಗ ಹಾರಿದರೆ ನಾಲ್ಕು ಹೆಜ್ಜೆಯಲ್ಲಿ ಅನಂತೇಶರ ಪಕ್ಕದಲ್ಲಿರಬಹುದು. ಅಷ್ಟೂ ಫೋನುಗಳಿಗೆ, ಅಷ್ಟೂ ಬಾಯಿಗಳಿಗೆ ಅದೊಂದೇ ಉತ್ತರ. ಅವನು ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಮಂಡಿ ಒಳಗಿನಿಂದ ಸಣ್ಣಗೆ ಮಿಡಿಯಿತು. ವಾಚ್ ರೂಮಿನ ಫೋನು ಕಿವಿಯಲ್ಲಿ ಬಾರಿಸಿದ ಹಾಗಾಯಿತು. ಅವನು ಹಲ್ಲು ಕಚ್ಚಿ ಕುಳಿತ. ಗಾಡಿ ನಿಧಾನವಾಯಿತು, ಹೊಗೆಯ ಅಂಚಿನಲ್ಲಿ ಸ್ವಲ್ಪ ಎಡಕ್ಕೆ ಸರಿಯಿತು, ನಿಂತಿತು. ಪೂರ್ತಿ ನಿಂತಿತು. ಆಗ ತಾರಾನಾಥ ಬಾಗಿಲು ತೆರೆದು, ಊರಿಗೆ ಊರೇ ನೋಡುತ್ತಿರುವಾಗ, ಬೆನ್ನು ತಿರುಗಿಸಿದ.

"ಹೋ!" ಎಂದಿತು ಜನ. "ಅಣ್ಣಾ, ಬೆಂಕಿ ಈಚೆ ಉಂಟು!"

ಅವನು ಎರಡು ಕೈಯಲ್ಲಿ ಹಿಡಿಕೆ ಹಿಡಿದು, ಒಂದು ಕಾಲು ಮೆಟ್ಟಿಲಿನ ಮೇಲಿಟ್ಟು, ಇನ್ನೊಂದನ್ನು ಕೆಳಗೆ ಬಿಟ್ಟ. ಕಾಲಿಗೆ ಹುಲ್ಲು ತಾಗಿತು. ಇನ್ನಷ್ಟು ಬಿಟ್ಟ. ಹುಲ್ಲು ತಾಗುತ್ತಲೇ ಇತ್ತು, ನೆಲ ಬರಲಿಲ್ಲ. ಕತ್ತು ತಿರುಗಿಸಿ ಕೆಳಗೆ ನೋಡಿದ. ಬಾಗಿದ ಒಣಹುಲ್ಲಿನ ನಡುವೆ, ಬಹಳ ಕೆಳಗೆ, ಹಸಿರು ನೀರು ಹೊಳೆಯುತ್ತಿತ್ತು. ಎಂದೋ ಕೆಂಪುಕಲ್ಲು ಕಡಿದು ತೆಗೆದ ಹೊಂಡ. ಗೋಡೆಯ ಹಾಗೆ ನೇರವಾಗಿ ಇಳಿದಿತ್ತು.

ತಾರಾನಾಥ ಕಾಲನ್ನು ಮೆಲ್ಲಗೆ ಮೇಲಕ್ಕೆ ತೆಗೆದುಕೊಂಡ.

"ಗುಣಪಾಲ, ಇಲ್ಲಿ ಇಲ್ಲ."

"ಎಂತ ಇಲ್ಲ?"

"ನೆಲ."

"ಎಂತ ನೆಲ ಇಲ್ಲ ಅಂದರೆ? ನಾನು ಗಾಡಿ ನಿಲ್ಲಿಸಿದ್ದು ಆಕಾಶದಲ್ಲಾ?"

"ಚಕ್ರದ ಅಡಿಯಲ್ಲಿ ಉಂಟು ಮಾರಾಯ. ನನ್ನ ಅಡಿಯಲ್ಲಿ ಇಲ್ಲ. ಡೆನ್ವರ್, ಯಾರೂ ಇಳಿಯಬೇಡಿ. ಗುಣಪಾಲ, ಸ್ಟೇರಿಂಗ್ ಬಲಕ್ಕೆ ಕೊಡು, ಮೆಲ್ಲಗೆ ಮುಂದೆ ಹೋಗು. ಹೋಗು... ಹೋಗು... ಬಲಕ್ಕೆ, ಇನ್ನೂ ಬಲಕ್ಕೆ... ಹೋಲ್ಡ್!"

ಅವನ ದನಿ ಪದವಿನ ಉದ್ದಕ್ಕೂ ಕೇಳಿತು. ಗಾಡಿ ಸರಿದ ಮೇಲೆ ಜನ ಹೊಂಡದ ಹತ್ತಿರ ಬಂದು ಬಗ್ಗಿ ನೋಡಿದರು. ಒಬ್ಬ ಒಂದು ಕಲ್ಲು ಹಾಕಿದ. ನೀರಿನ ಸದ್ದು ಬರಲು ತಡವಾಯಿತು. ಆಮೇಲೆ ಯಾರೂ ತಮಾಷೆ ಮಾಡಲಿಲ್ಲ. ರೆಫ್ರಿ ತನ್ನ ಸೀಟಿಯನ್ನು ಕಿಸೆಗೆ ಹಾಕಿಕೊಂಡ.

ತಾರಾನಾಥ ಈ ಸಲ ಬೆನ್ನು ತಿರುಗಿಸಿ, ಕಾಲಿನಿಂದ ನೆಲವನ್ನು ಎರಡು ಸಲ ತಟ್ಟಿ ನೋಡಿ, ಇಳಿದ. ಪೈಪು ಎಳೆದರು, ನೀರು ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಬೆಂಕಿಯ ಕಥೆ ಮುಗಿಯಿತು.

ಅನಂತೇಶರು ಹೊಗೆಯಿಂದ ಹೊರಬಂದರು. ಅವರ ಎಡಗಡೆಯ ಹುಬ್ಬು ಅರ್ಧ ಇರಲಿಲ್ಲ.

"ಸಾರ್, ನಿಮ್ಮ ಹುಬ್ಬು..." ಎಂದ ಡೆನ್ವರ್.

"ಎಂತ ಆಯಿತು?"

"ಸುಟ್ಟಿದೆ ಸಾರ್."

ಗುಣಪಾಲನ ಕಣ್ಣು ತುಂಬಿ ಬಂತು. "ಕೊನೆಗೂ ನಮ್ಮ ಠಾಣೆಯಲ್ಲಿ ಒಬ್ಬರಿಗೆ ಬೆಂಕಿಯಿಂದ ಗಾಯ ಆಯಿತು," ಎಂದ.

ಅನಂತೇಶರು ಅವನನ್ನು ಉಳಿದ ಒಂದೂವರೆ ಹುಬ್ಬಿನಿಂದ ದುರುಗುಟ್ಟಿ ನೋಡಿದರು. "ಗುಣಪಾಲರೇ, ಇನ್ನು ಮುಂದೆ ಸೀಟಿ ಕೇಳಲಿ, ಬಾಡಿ ಬಡಿಯಲಿ, ಶಂಖ ಊದಲಿ, ನಾನು ಬಾಯಿಯಿಂದ 'ಎಲ್ಲರೂ ಕುಳಿತಾಯಿತು, ಹೋಗಿ' ಅಂತ ಹೇಳದೆ ಗಾಡಿ ಅಲುಗಬಾರದು. ಗೊತ್ತಾಯಿತಾ?" ಆಮೇಲೆ ಅವರು ಹೊಂಡದ ಅಂಚಿಗೆ ಹೋಗಿ, ಕೆಳಗೆ ಬಹಳ ಹೊತ್ತು ನೋಡಿ, ಹಿಂದೆ ಬಂದರು. "ತಾರಾನಾಥರೇ, ನೀವು ಹಾರಿದ್ದರೆ ನಿಮ್ಮ ಹಿಂದೆ ಇವರೂ ಹಾರುತ್ತಿದ್ದರು. ನಾನು ನಾಲ್ಕು ಜನರನ್ನು ಎತ್ತಲು ಕೊಂಬೆ ಹಿಡಿದುಕೊಂಡು ನಿಲ್ಲಬೇಕಿತ್ತು."

"ಹಾಗಾದರೆ ವಾಚ್ ರೂಮ್, ಸಾರ್?"

"ವಾಚ್ ರೂಮಿಗೆ ಸದ್ಯಕ್ಕೆ ನಾನು ಹೋಗ್ತೇನೆ, ಹುಬ್ಬು ಬರುವ ತನಕ. ನೀವು ಗಾಡಿಯಲ್ಲೇ ಇರಿ. ಎಲ್ಲರಿಗಿಂತ ಮೊದಲು ಇಳಿಯುವವರು ನೀವೇ."

ಸಂಜೆ ತಾರಾನಾಥ ಮನೆಗೆ ಹೋಗುವ ಬಸ್ಸು ಹತ್ತಿದ. ಹಿಂದೆ ತಾನೇ ಹಾರಲು ಕಲಿಸಿದ ಶೇಖರ ಅದರ ಕಂಡಕ್ಟರ್. ತನ್ನ ಸ್ಟಾಪು ಬಂದಾಗ ತಾರಾನಾಥ ಬಸ್ಸು ಪೂರ್ತಿ ನಿಲ್ಲುವ ತನಕ ಕಾದ. ಎಲ್ಲರೂ ಹಿಂದಿನಿಂದ ತಳ್ಳಿದರೂ ಕಾದ. ಆಮೇಲೆ ಮುಖವನ್ನು ಬಸ್ಸಿಗೆ ಮಾಡಿ, ಎರಡೂ ಸರಳು ಹಿಡಿದು, ಒಂದು ಕಾಲನ್ನು ಕೆಳಗೆ ಬಿಟ್ಟು ನೆಲ ಹುಡುಕತೊಡಗಿದ.

ಕೆಳಗೆ ನಿಂತಿದ್ದ ಶೇಖರನಿಗೆ ಕಂಡದ್ದು, ಬಸ್ಸು ಹತ್ತಲು ಒದ್ದಾಡುತ್ತಿರುವ ಒಬ್ಬ ಮನುಷ್ಯನ ಬೆನ್ನು. "ಹತ್ತಿ, ಹತ್ತಿ, ಟೈಮ್ ಆಯಿತು!" ಎಂದು ಅವನು ತಾರಾನಾಥನ ಸೊಂಟಕ್ಕೆ ಕೈ ಕೊಟ್ಟು ಒಂದೇ ನೂಕಿಗೆ ಒಳಗೆ ಹಾಕಿ, ಎರಡು ಸೀಟಿ ಊದಿದ.

ಸ್ಟಾಪಿನ ಎದುರಿನ ಮನೆಯ ಗೇಟಿನ ಬಳಿ ನಿಂತಿದ್ದ ಚಂಪಾಳಿಗೆ ಗಂಡ ಬಂದದ್ದೂ ಕಂಡಿತು, ಹೋದದ್ದೂ ಕಂಡಿತು.

ಮುಂದಿನ ಸ್ಟಾಪಿನಿಂದ ಅವನು ನಡೆದುಕೊಂಡು ಬರುವಾಗ ಅವಳು ಇನ್ನೂ ಅಲ್ಲೇ ಇದ್ದಳು. ಮೊದಲು ಅವನ ಮುಖ ನೋಡಲಿಲ್ಲ. ಅಭ್ಯಾಸದಂತೆ ಕಾಲು ನೋಡಿದಳು. ಎರಡೂ ಒಂದೇ ಅಳತೆಯಲ್ಲಿ ನೆಲಕ್ಕೆ ಬೀಳುತ್ತಿದ್ದವು.

"ಎಂತ ಇದು, ಬೆಂಕಿಗೆ ಹೋಗಿ ಬಂದವರು ಕುಂಟದೆ ಬರ್ತಿದ್ದೀರಿ?" ಎಂದಳು. "ಹೋಗಲೇ ಇಲ್ವಾ?"